ಪಾರ್ಕಿನ್ಸನ್ ಮತ್ತು ಮರೆವು: ರಕ್ತದ ರೋಗನಿರೋಧಕ ಸೂಚಕಗಳು ಹೇಳುವುದೆಷ್ಟು?

ಚಿಕ್ಕಬಳ್ಳಾಪುರ: ಕೈ ನಡುಕ, ಮಂದವಾದ ನಡಿಗೆ, ಮೈಕೈ ಬಿಗಿತ. ಪಾರ್ಕಿನ್ಸನ್ ಕಾಯಿಲೆ ಎಂದೊಡನೆ ಸಾಮಾನ್ಯರ ಕಣ್ಣ ಮುಂದೆ ನಿಲ್ಲುವ ಚಿತ್ರವಿದು. ಆದರೆ ವರ್ಷಗಳು ಉರುಳಿದಂತೆ ರೋಗಿಯ ಮನೆಯವರನ್ನು ಹೆಚ್ಚು ಕಾಡುವುದು ನಡುಕವಲ್ಲ, ಮರೆವು. ಲೆಕ್ಕಪತ್ರ ನೋಡುತ್ತಿದ್ದವರು ಚಿಲ್ಲರೆ ಎಣಿಸಲು ತಡವರಿಸುತ್ತಾರೆ. ಗೂಡಿನ ಮಾರುಕಟ್ಟೆಯಲ್ಲಿ ದಶಕಗಳ ಕಾಲ ವ್ಯವಹಾರ ಮಾಡಿದವರಿಗೆ ಮನೆಗೆ ಮರಳುವ ದಾರಿಯೇ ಗೊಂದಲವಾಗುತ್ತದೆ. ಈ ಮರೆವು ಯಾರಿಗೆ ಬೇಗ ಬರುತ್ತದೆ, ಯಾರಿಗೆ ತಡವಾಗಿ ಬರುತ್ತದೆ ಎಂಬುದನ್ನು ಒಂದು ಸಿರಿಂಜ್ ರಕ್ತದಿಂದ ತಿಳಿಯಬಹುದೇ? ಜಗತ್ತಿನ ಹಲವು ಪ್ರಯೋಗಾಲಯಗಳು ಈ ಪ್ರಶ್ನೆಯ ಬೆನ್ನು ಹತ್ತಿವೆ. ಇದುವರೆಗೆ ದೊರೆತಿರುವ ಉತ್ತರ ಕುತೂಹಲಕರವಾಗಿದೆ. ಆದರೆ ಅದು ರೋಗಿಯ ಕೈಗೆ ಕೊಡುವ ವರದಿಯ ಮಟ್ಟಕ್ಕೆ ಇನ್ನೂ ಬಂದಿಲ್ಲ.

ಏನಿದು ಕಾಯಿಲೆ?

ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ಈ ಕಾಯಿಲೆಯನ್ನು ವಿವರಿಸಿದರು. ಆಯುರ್ವೇದದಲ್ಲಿ ಇದನ್ನು ಹೋಲುವ ಸ್ಥಿತಿಗೆ ಕಂಪವಾತ ಎಂಬ ಹೆಸರಿದೆ. ಮಿದುಳಿನ ಬುಡಭಾಗದಲ್ಲಿರುವ ‘ಸಬ್‌ಸ್ಟಾನ್ಷಿಯಾ ನೈಗ್ರಾ’ ಎಂಬ ಕಪ್ಪು ಬಣ್ಣದ ಪ್ರದೇಶದ ನರಕೋಶಗಳು ಡೋಪಮೈನ್ ಎಂಬ ರಾಸಾಯನಿಕವನ್ನು ತಯಾರಿಸುತ್ತವೆ. ಈ ಕೋಶಗಳು ನಶಿಸುತ್ತಾ ಹೋದಂತೆ ಚಲನೆಯ ಮೇಲಿನ ಹಿಡಿತ ತಪ್ಪುತ್ತದೆ. ನಶಿಸುವ ಕೋಶಗಳೊಳಗೆ ಆಲ್ಫಾ ಸೈನ್ಯೂಕ್ಲಿನ್ ಎಂಬ ಪ್ರೋಟೀನ್ ಗಂಟುಗಟ್ಟಿರುವುದು ಕಂಡುಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 2019ರಲ್ಲಿ ಜಗತ್ತಿನಲ್ಲಿ 85 ಲಕ್ಷಕ್ಕೂ ಹೆಚ್ಚು ಮಂದಿ ಈ ಕಾಯಿಲೆಯೊಂದಿಗೆ ಬದುಕುತ್ತಿದ್ದರು.

ಲೆವೊಡೋಪ ಮಾತ್ರೆಯಿಂದ ಡೋಪಮೈನ್ ಕೊರತೆ ತುಂಬಿ ಚಲನೆ ಸುಧಾರಿಸಬಹುದು. ಮರೆವಿಗೆ ಮಾತ್ರ ಆ ಮಾತ್ರೆ ಉತ್ತರವಲ್ಲ. ಪ್ರೋಟೀನ್ ಗಂಟುಗಳು ಮಿದುಳಿನ ಹೊರಪದರಕ್ಕೆ ಹಬ್ಬುವುದು, ಅಸಿಟೈಲ್‌ಕೋಲಿನ್ ಎಂಬ ಮತ್ತೊಂದು ರಾಸಾಯನಿಕ ಕುಗ್ಗುವುದು, ಕೆಲವರಲ್ಲಿ ಆಲ್ಝೈಮರ್ ಕಾಯಿಲೆಯ ಬದಲಾವಣೆಗಳೂ ಸೇರಿಕೊಳ್ಳುವುದು ಇದಕ್ಕೆ ಕಾರಣವೆಂದು ತಜ್ಞರು ಗುರುತಿಸಿದ್ದಾರೆ.

ಎಷ್ಟು ಮಂದಿಗೆ ಮರೆವು?

ಕಾಯಿಲೆ ಪತ್ತೆಯಾದವರ ಪೈಕಿ ಸುಮಾರು ಕಾಲು ಭಾಗ ಜನರಲ್ಲಿ, ನಿತ್ಯ ಜೀವನಕ್ಕೆ ಅಡ್ಡಿಯಾಗದ ಸೌಮ್ಯ ಪ್ರಮಾಣದ ಅರಿವಿನ ಕುಂದು ಇರುತ್ತದೆ. ಮುಂದಿನ ಹಂತವಾದ ಡಿಮೆನ್ಷಿಯಾದ ಬಗ್ಗೆ ಅಧ್ಯಯನಗಳು ನೀಡುವ ಅಂಕಿಗಳು ಒಂದೇ ತೆರನಾಗಿಲ್ಲ. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ 20 ವರ್ಷ ಅನುಸರಿಸಲಾದ ರೋಗಿಗಳಲ್ಲಿ, ಬದುಕುಳಿದವರ ಪೈಕಿ ಶೇ 83 ಮಂದಿಗೆ ಡಿಮೆನ್ಷಿಯಾ ಇತ್ತು ಎಂದು 2008ರಲ್ಲಿ ವರದಿಯಾಯಿತು. ಇಂಗ್ಲೆಂಡಿನ ಕೇಂಬ್ರಿಜ್ ಪ್ರದೇಶದ ಅಧ್ಯಯನವೊಂದು 10 ವರ್ಷಗಳಲ್ಲಿ ಶೇ 46 ಎಂಬ ಪ್ರಮಾಣವನ್ನು 2013ರಲ್ಲಿ ನೀಡಿತು. 2024ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಅಧ್ಯಯನದಲ್ಲಿ 10 ವರ್ಷಗಳ ಅಂದಾಜು ಶೇ 9ರ ಆಸುಪಾಸಿನಲ್ಲಿತ್ತು.

ಈ ಅಂತರಕ್ಕೆ ಕಾರಣವಿದೆ. ಕೊನೆಯ ಅಧ್ಯಯನಕ್ಕೆ ತಾವಾಗಿಯೇ ಮುಂದೆ ಬಂದವರು ಹೆಚ್ಚು ಓದಿದವರು, ಇತರ ಕಾಯಿಲೆ ಕಡಿಮೆ ಇದ್ದವರು. ಕೇಂಬ್ರಿಜ್‌ನಲ್ಲಿ ಆ ಪ್ರದೇಶದ ಹೊಸ ರೋಗಿಗಳನ್ನೆಲ್ಲ ಸೇರಿಸುವ ಯತ್ನ ನಡೆದಿತ್ತು. ವಯಸ್ಸು, ಶಿಕ್ಷಣ, ಒಟ್ಟಾರೆ ಆರೋಗ್ಯ ಬದಲಾದರೆ ಅಂಕಿಯೂ ಬದಲಾಗುತ್ತದೆ. ಹೀಗಾಗಿ ‘ಪಾರ್ಕಿನ್ಸನ್ ಬಂದರೆ ಮರೆವು ಖಚಿತ’ ಎಂಬ ಭಯವೂ ಸರಿಯಲ್ಲ, ‘ಬರುವುದೇ ಇಲ್ಲ’ ಎಂಬ ನಿರಾಳವೂ ಸರಿಯಲ್ಲ.

ಮಿದುಳಿನ ಕಾವಲುಗಾರರು

ಪಾರ್ಕಿನ್ಸನ್ ಕೇವಲ ನರಕೋಶಗಳ ಕಾಯಿಲೆ ಎಂಬ ನಂಬಿಕೆ 1988ರಲ್ಲಿ ಅಲುಗಾಡಿತು. ಕೆನಡಾದ ಪ್ಯಾಟ್ರಿಕ್ ಮೆಕ್‌ಗೀರ್ ಮತ್ತು ಸಂಗಡಿಗರು ಮೃತ ರೋಗಿಗಳ ಮಿದುಳನ್ನು ಪರೀಕ್ಷಿಸಿದಾಗ, ನಶಿಸಿದ ನರಕೋಶಗಳ ಸುತ್ತ ಮೈಕ್ರೋಗ್ಲಿಯಾ ಎಂಬ ಕೋಶಗಳು ಪ್ರಚೋದಿತ ಸ್ಥಿತಿಯಲ್ಲಿದ್ದುದನ್ನು ಕಂಡರು. ಮೈಕ್ರೋಗ್ಲಿಯಾ ಎಂದರೆ ಮಿದುಳಿನ ಕಾವಲುಗಾರ ಕೋಶಗಳು. ಸೋಂಕು, ಕಸ, ಸತ್ತ ಕೋಶಗಳನ್ನು ತೆರವುಗೊಳಿಸುವುದು ಅವುಗಳ ಕೆಲಸ. ಕಾವಲುಗಾರರೇ ಬಹುಕಾಲ ಉದ್ರಿಕ್ತರಾಗಿ ಉಳಿದರೆ ಅವು ಹೊರಸೂಸುವ ರಾಸಾಯನಿಕಗಳಿಂದ ಆರೋಗ್ಯವಂತ ನರಕೋಶಗಳಿಗೂ ಹಾನಿಯಾಗುತ್ತದೆ.

ಮುಂದೆ ಒಂದರ ಮೇಲೊಂದು ಸುಳಿವುಗಳು ದೊರೆತವು. ರೋಗನಿರೋಧಕ ಶಕ್ತಿಗೆ ಸಂಬಂಧಿಸಿದ ಎಚ್‌ಎಲ್‌ಎ ವಂಶವಾಹಿ ಪ್ರದೇಶಕ್ಕೂ ಪಾರ್ಕಿನ್ಸನ್ ಅಪಾಯಕ್ಕೂ ನಂಟಿರುವುದು 2010ರಲ್ಲಿ ಗೊತ್ತಾಯಿತು. ರೋಗಿಗಳ ರಕ್ತದಲ್ಲಿನ ಟಿ-ಕೋಶಗಳು ಆಲ್ಫಾ ಸೈನ್ಯೂಕ್ಲಿನ್‌ನ ತುಣುಕುಗಳನ್ನು ಶತ್ರುವೆಂಬಂತೆ ಗುರುತಿಸುತ್ತವೆ ಎಂದು ಅಮೆರಿಕದ ಡೇವಿಡ್ ಸುಲ್ಜರ್ ಮತ್ತು ಸಂಗಡಿಗರು 2017ರಲ್ಲಿ ತೋರಿಸಿದರು. ಮಿದುಳಿನ ಗಲಾಟೆಯ ಪ್ರತಿಧ್ವನಿ ರಕ್ತದಲ್ಲಿ ಕೇಳಿಸುತ್ತದೆ ಎಂಬ ವಾದಕ್ಕೆ ಇದರಿಂದ ಬಲ ಬಂದಿತು.

ರಕ್ತದಲ್ಲಿ ಅಳೆಯುವುದೇನು?

ಸಂಶೋಧಕರು ಮುಖ್ಯವಾಗಿ ಎರಡು ಬಗೆಯ ಸೂಚಕಗಳನ್ನು ಅಳೆಯುತ್ತಾರೆ. ಮೊದಲನೆಯದು ಉರಿಯೂತದ ಸಂದೇಶವಾಹಕಗಳು. ಇಂಟರ್‌ಲ್ಯೂಕಿನ್-6, ಇಂಟರ್‌ಲ್ಯೂಕಿನ್-1 ಬೀಟಾ, ಟಿಎನ್‌ಎಫ್ ಹಾಗೂ ಯಕೃತ್ತು ತಯಾರಿಸುವ ಸಿಆರ್‌ಪಿ ಈ ಗುಂಪಿಗೆ ಸೇರಿವೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2016ರಲ್ಲಿ ಪ್ರಕಟಿಸಲಾದ ವಿಶ್ಲೇಷಣೆಯ ಪ್ರಕಾರ, ಆರೋಗ್ಯವಂತರಿಗೆ ಹೋಲಿಸಿದರೆ ಪಾರ್ಕಿನ್ಸನ್ ರೋಗಿಗಳ ರಕ್ತದಲ್ಲಿ ಇವುಗಳ ಸರಾಸರಿ ಪ್ರಮಾಣ ಹೆಚ್ಚು.

ಎರಡನೆಯದು ಬಿಳಿ ರಕ್ತಕಣಗಳ ಲೆಕ್ಕ. ತಾಲ್ಲೂಕು ಕೇಂದ್ರದ ಯಾವುದೇ ಪ್ರಯೋಗಾಲಯ ನೀಡುವ ಸಾಮಾನ್ಯ ರಕ್ತಪರೀಕ್ಷೆಯ ವರದಿಯಲ್ಲೇ ಇದು ಇರುತ್ತದೆ. ನ್ಯೂಟ್ರೋಫಿಲ್ ಶೇ 60, ಲಿಂಫೋಸೈಟ್ ಶೇ 30 ಎಂದಿದ್ದರೆ ಅವುಗಳ ಅನುಪಾತ 2. ಈ ಅನುಪಾತ ಪಾರ್ಕಿನ್ಸನ್ ರೋಗಿಗಳಲ್ಲಿ ಸರಾಸರಿ ಹೆಚ್ಚಿರುವುದು ಕಂಡುಬಂದಿದೆ. ಬ್ರಿಟನ್ನಿನ ಸುಮಾರು 5 ಲಕ್ಷ ಸ್ವಯಂಸೇವಕರ ಮಾಹಿತಿಯನ್ನು ಆಧರಿಸಿ 2021ರಲ್ಲಿ ಪ್ರಕಟವಾದ ಅಧ್ಯಯನವು, ಲಿಂಫೋಸೈಟ್ ಸಂಖ್ಯೆ ಕಡಿಮೆ ಇದ್ದವರಿಗೆ ಮುಂದೆ ಪಾರ್ಕಿನ್ಸನ್ ಬರುವ ಸಂಭವ ತುಸು ಹೆಚ್ಚು ಎಂದು ತಿಳಿಸಿತು.

ಮರೆವಿಗೂ ರಕ್ತಕ್ಕೂ ನಂಟು

ಇಂಗ್ಲೆಂಡಿನ ಕೇಂಬ್ರಿಜ್ ಮತ್ತು ನ್ಯೂಕ್ಯಾಸಲ್‌ನಲ್ಲಿ ನಡೆದ ಅಧ್ಯಯನ ಈ ವಿಷಯದಲ್ಲಿ ಮುಖ್ಯವಾದುದು. ಕಾಯಿಲೆ ಹೊಸದಾಗಿ ಪತ್ತೆಯಾದ 230 ರೋಗಿಗಳ ರಕ್ತವನ್ನು ಆರಂಭದಲ್ಲೇ ಸಂಗ್ರಹಿಸಿ, ಅವರನ್ನು 36 ತಿಂಗಳು ಅನುಸರಿಸಲಾಯಿತು. ಕೆರೊಲಿನ್ ವಿಲಿಯಮ್ಸ್-ಗ್ರೇ ಮತ್ತು ಸಂಗಡಿಗರು ಇದರ ಫಲಿತಾಂಶವನ್ನು 2016ರಲ್ಲಿ ಪ್ರಕಟಿಸಿದರು. ಉರಿಯೂತದ ಸೂಚಕಗಳು ಒಟ್ಟಾಗಿ ಹೆಚ್ಚಿದ್ದವರಲ್ಲಿ ಚಲನೆಯ ತೊಂದರೆ ವೇಗವಾಗಿ ಬೆಳೆಯಿತು. ಅರಿವಿನ ಪರೀಕ್ಷೆಯಲ್ಲಿಯೂ ಅವರ ಅಂಕಗಳು ಕಡಿಮೆ ಇದ್ದವು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಉರಿಯೂತ ಹೆಚ್ಚಿದ್ದವರ ಅಂಕ ಕಡಿಮೆ ಎಂಬುದು ಒಂದು ಮಾತು. ಉರಿಯೂತದಿಂದಲೇ ಅಂಕ ಇಳಿಯಿತು ಎಂಬುದು ಇನ್ನೊಂದು ಮಾತು. ಮೊದಲನೆಯದಕ್ಕೆ ಪುರಾವೆ ಇದೆ. ಎರಡನೆಯದನ್ನು ಸಾಬೀತುಪಡಿಸಲು ಉರಿಯೂತವನ್ನು ತಗ್ಗಿಸಿ, ಮರೆವು ನಿಧಾನವಾಗುವುದನ್ನು ತೋರಿಸಬೇಕಾಗುತ್ತದೆ. ಉರಿಯೂತ ತಗ್ಗಿಸೀತೆಂಬ ನಿರೀಕ್ಷೆಯಿದ್ದ ಪಿಯೊಗ್ಲಿಟಾಝೋನ್ ಎಂಬ ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಪಾರ್ಕಿನ್ಸನ್ ರೋಗಿಗಳಿಗೆ ನೀಡಿ ನೋಡಿದ ಪ್ರಯೋಗ 2015ರಲ್ಲಿ ಫಲ ನೀಡಲಿಲ್ಲ. ಆದುದರಿಂದ ಮರೆವು ತಡೆಯಲೆಂದು ನೋವು ನಿವಾರಕ ಅಥವಾ ಸ್ಟೀರಾಯ್ಡ್ ಮಾತ್ರೆಗಳನ್ನು ಔಷಧ ಅಂಗಡಿಯಿಂದ ತಂದು ನುಂಗುವುದಕ್ಕೆ ಯಾವ ಆಧಾರವೂ ಇಲ್ಲ. ಅವುಗಳಿಂದ ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ, ರಕ್ತದೊತ್ತಡ ಏರಿಕೆಯ ಅಪಾಯವಿದೆ.

ಒಬ್ಬ ರೋಗಿಗೆ ಏಕೆ ಸಾಲದು?

ನೂರಾರು ಜನರ ಸರಾಸರಿಯಲ್ಲಿ ಕಾಣುವ ವ್ಯತ್ಯಾಸ ಒಬ್ಬರ ಭವಿಷ್ಯವನ್ನು ಹೇಳಲಾರದು. ರೋಗಿಗಳ ಮತ್ತು ಆರೋಗ್ಯವಂತರ ಅಂಕಿಗಳು ಬಹುಪಾಲು ಒಂದರೊಳಗೊಂದು ಬೆರೆತಿರುತ್ತವೆ. ಮೇಲಾಗಿ ಈ ಸೂಚಕಗಳು ಪಾರ್ಕಿನ್ಸನ್‌ಗೆ ಮಾತ್ರ ಸೀಮಿತವಲ್ಲ. ಹಲ್ಲಿನ ಕೀವು, ಮೂತ್ರದ ಸೋಂಕು, ಕ್ಷಯ, ಸಂಧಿವಾತ, ಬೊಜ್ಜು, ಧೂಮಪಾನ ಎಲ್ಲವೂ ಸಿಆರ್‌ಪಿ ಪ್ರಮಾಣವನ್ನು ಏರಿಸುತ್ತವೆ. ಮೇಲಿನ ಉದಾಹರಣೆಯ ವ್ಯಕ್ತಿಗೇ ಜ್ವರ ಬಂದು ನ್ಯೂಟ್ರೋಫಿಲ್ ಶೇ 80ಕ್ಕೆ ಏರಿ, ಲಿಂಫೋಸೈಟ್ ಶೇ 12ಕ್ಕೆ ಇಳಿದರೆ ಅನುಪಾತ 2ರಿಂದ 6.7ಕ್ಕೆ ಜಿಗಿಯುತ್ತದೆ. ವಾರದ ನಂತರ ಮತ್ತೆ ಮೊದಲಿನಂತಾಗಬಹುದು. ಈ ಏರಿಳಿತಕ್ಕೂ ಮರೆವಿನ ಭವಿಷ್ಯಕ್ಕೂ ಸಂಬಂಧವಿಲ್ಲ.

ಇದಕ್ಕೆ ಪ್ರತಿಯಾಗಿ ಸರಳ ಪರೀಕ್ಷೆಗಳು ಹೆಚ್ಚು ಹೇಳುತ್ತವೆ ಎಂಬುದು ಗಮನಾರ್ಹ. ಕೇಂಬ್ರಿಜ್‌ನ 10 ವರ್ಷಗಳ ಅಧ್ಯಯನದಲ್ಲಿ ಡಿಮೆನ್ಷಿಯಾದ ಮುನ್ಸೂಚನೆ ನೀಡಿದ ಅಂಶಗಳೆಂದರೆ ಹೆಚ್ಚಿನ ವಯಸ್ಸು, 90 ಸೆಕೆಂಡಿನಲ್ಲಿ 20 ಪ್ರಾಣಿಗಳ ಹೆಸರು ಹೇಳಲಾಗದಿರುವುದು ಮತ್ತು ಒಂದನ್ನೊಂದು ಛೇದಿಸುವ ಎರಡು ಪಂಚಕೋನಗಳನ್ನು ನೋಡಿ ಬರೆಯಲಾಗದಿರುವುದು. ಇದಕ್ಕೆ ಬೇಕಾದುದು ಗಡಿಯಾರ, ಕಾಗದ, ಪೆನ್ಸಿಲ್ ಮತ್ತು ತಾಳ್ಮೆಯಿಂದ ಕೂರುವ ಒಬ್ಬ ತರಬೇತಾದ ವ್ಯಕ್ತಿ ಮಾತ್ರ.

ಗೌರಿಬಿದನೂರಿನಿಂದ ಶ್ರೀನಿವಾಸಪುರದವರೆಗೆ

ನರರೋಗಗಳ ಅಧ್ಯಯನಕ್ಕೂ ಈ ಭಾಗಕ್ಕೂ ಹಳೆಯ ನಂಟಿದೆ. ನಿಮ್ಹಾನ್ಸ್‌ನ ಡಾ. ಎಂ. ಗೌರಿದೇವಿ ಮತ್ತು ಸಂಗಡಿಗರು ಗೌರಿಬಿದನೂರು ಪಟ್ಟಣ ಹಾಗೂ ಸುತ್ತಲ ಹಳ್ಳಿಗಳ 57 ಸಾವಿರಕ್ಕೂ ಹೆಚ್ಚು ಜನಸಂಖ್ಯೆಯಲ್ಲಿ ನರರೋಗಗಳ ಸಮೀಕ್ಷೆ ನಡೆಸಿ 1987ರಲ್ಲಿ ವರದಿ ಪ್ರಕಟಿಸಿದ್ದರು. ಆಗ ಗೌರಿಬಿದನೂರು ಕೋಲಾರ ಜಿಲ್ಲೆಯಲ್ಲಿತ್ತು. ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾದುದು 2007ರಲ್ಲಿ. ಬೆಂಗಳೂರು ನಗರ ಮತ್ತು ಗ್ರಾಮೀಣ ಪ್ರದೇಶದ 1,02,557 ಮಂದಿಯ ಮತ್ತೊಂದು ಸಮೀಕ್ಷೆಯನ್ನು ಇದೇ ತಂಡ 2004ರಲ್ಲಿ ಪ್ರಕಟಿಸಿತು. ನರರೋಗಗಳ ಪ್ರಮಾಣ ನಗರಕ್ಕಿಂತ ಹಳ್ಳಿಗಳಲ್ಲಿ ಸುಮಾರು ಎರಡು ಪಟ್ಟು ಎಂಬುದು ಅದರ ಮುಖ್ಯ ಶೋಧ.

ನಿಮ್ಹಾನ್ಸ್‌ನಲ್ಲಿ ನಡೆದ ಮಿದುಳಿನ ಅಧ್ಯಯನಗಳೂ ಅಷ್ಟೇ ಮಹತ್ವದವು. ಭಾರತೀಯರ ಮಿದುಳಿನಲ್ಲಿ ಡೋಪಮೈನ್ ತಯಾರಿಸುವ ಕಪ್ಪು ಕೋಶಗಳ ಸಂಖ್ಯೆ ಬ್ರಿಟನ್ನಿನವರಿಗಿಂತ ಕಡಿಮೆ, ಆದರೆ ವಯಸ್ಸಾದಂತೆ ಆ ಸಂಖ್ಯೆ ಕುಸಿಯುವುದಿಲ್ಲ ಎಂದು ಡಾ. ಉದಯ್ ಮುಠಾಣೆ ಮತ್ತು ಸಂಗಡಿಗರು 1998ರಲ್ಲಿ ವರದಿ ಮಾಡಿದರು. ಅದೇ ಸಂಸ್ಥೆಯ ಮತ್ತೊಂದು ತಂಡ ವಯಸ್ಸಾದಂತೆ ಮೈಕ್ರೋಗ್ಲಿಯಾಗಳ ಆಕಾರ ಬದಲಾಗುವುದನ್ನು 2015ರಲ್ಲಿ ವಿವರಿಸಿತು. ಪಾಶ್ಚಾತ್ಯರ ಅಂಕಿಗಳನ್ನು ಇಲ್ಲಿನವರಿಗೆ ಹಾಗೆಯೇ ಅನ್ವಯಿಸಲಾಗದು ಎಂಬುದಕ್ಕೆ ಇವು ನಿದರ್ಶನ.

ರಕ್ತದ ಸೂಚಕಗಳಿಗೂ ಇದೇ ಮಾತು ಸಲ್ಲುತ್ತದೆ. ಇಲ್ಲಿನ ವೃದ್ಧರಲ್ಲಿ ಸಹಜವಾಗಿ ಎಷ್ಟಿರುತ್ತದೆ ಎಂಬುದು ಗೊತ್ತಿಲ್ಲದೆ ಎಷ್ಟು ಹೆಚ್ಚು, ಎಷ್ಟು ಕಡಿಮೆ ಎಂದು ನಿರ್ಧರಿಸಲಾಗದು. ಈ ಕೊರತೆಯನ್ನು ತುಂಬಬಲ್ಲ ಕೆಲಸ ಚಿಂತಾಮಣಿಗೆ ಹೊಂದಿಕೊಂಡಿರುವ ಶ್ರೀನಿವಾಸಪುರ ತಾಲ್ಲೂಕಿನಲ್ಲಿ 2018ರಲ್ಲಿ ಆರಂಭವಾಯಿತು. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ ಕೈಗೊಂಡ ಈ ‘ಸ್ಯಾನ್ಸ್‌ಕಾಗ್’ ಅಧ್ಯಯನದ ಗುರಿ, 45 ವರ್ಷ ದಾಟಿದ 10 ಸಾವಿರ ಗ್ರಾಮಸ್ಥರನ್ನು ವರ್ಷಗಳ ಕಾಲ ಅನುಸರಿಸುವುದು. ರಕ್ತಪರೀಕ್ಷೆ, ಎಂಆರ್‌ಐ, ವಂಶವಾಹಿ ಪರೀಕ್ಷೆ, ನೆನಪು ಮತ್ತು ಗಮನದ ಪರೀಕ್ಷೆಗಳು ಇದರಲ್ಲಿ ಸೇರಿವೆ. ಇದು ಪಾರ್ಕಿನ್ಸನ್‌ಗೆಂದೇ ರೂಪಿಸಿದ ಅಧ್ಯಯನವಲ್ಲ. ಆದರೆ ಆರೋಗ್ಯವಂತರಾಗಿ ಆರಂಭಿಸಿದವರ ಮಿದುಳು ವಯಸ್ಸಿನೊಂದಿಗೆ ಹೇಗೆ ಬದಲಾಗುತ್ತದೆ ಎಂಬುದನ್ನು ಇಲ್ಲಿನ ನೆಲದಲ್ಲಿಯೇ ದಾಖಲಿಸುವುದರಿಂದ, ಮುಂದಿನ ಯಾವ ಹೋಲಿಕೆಗೂ ಇದು ಅಳತೆಗೋಲಾಗಬಲ್ಲದು.

ಕನ್ನಡವೋ, ತೆಲುಗೋ?

ಚಿಂತಾಮಣಿ, ಗೌರಿಬಿದನೂರು ಭಾಗದ ಅನೇಕ ಮನೆಗಳಲ್ಲಿ ಆಡುಮಾತು ತೆಲುಗು, ಓದಿದ್ದು ಕನ್ನಡ. ಶಾಲೆಯ ಮೆಟ್ಟಿಲು ಹತ್ತದ ಹಿರಿಯರೂ ಇದ್ದಾರೆ. ಎಂದೂ ಪೆನ್ಸಿಲ್ ಹಿಡಿಯದವರು ಪಂಚಕೋನ ಬರೆಯಲಿಲ್ಲ ಎಂಬ ಕಾರಣಕ್ಕೆ ಅವರಿಗೆ ಮರೆವು ಎಂದು ನಿರ್ಧರಿಸುವುದು ಅನ್ಯಾಯ. ಪಾರ್ಕಿನ್ಸನ್ ರೋಗಿಯ ಕೈ ನಡುಗುವುದರಿಂದ ಈ ತಪ್ಪಿಗೆ ಇನ್ನಷ್ಟು ಅವಕಾಶವಿದೆ. ಮಾತು ಮೆಲ್ಲಗಾಗಿ, ಮುಖದ ಭಾವ ಕುಂದಿದಾಗ ಬುದ್ಧಿಯೂ ಕುಂದಿತೆಂದು ನೋಡುಗರು ಭಾವಿಸುವುದುಂಟು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಹಿಂದಿ, ಬಂಗಾಳಿ, ತೆಲುಗು, ಕನ್ನಡ, ಮಲಯಾಳಂ ಭಾಷೆಗಳಲ್ಲಿ ಅರಿವಿನ ಪರೀಕ್ಷೆಗಳ ಸಂಪುಟವೊಂದನ್ನು ಸಿದ್ಧಪಡಿಸಿರುವುದು ಈ ಹಿನ್ನೆಲೆಯಲ್ಲಿ ಮುಖ್ಯ. ರೋಗಿಗೆ ಸಲೀಸಾದ ಭಾಷೆಯಲ್ಲಿ, ಮಾತ್ರೆಯ ಪರಿಣಾಮ ಚೆನ್ನಾಗಿರುವ ಹೊತ್ತಿನಲ್ಲಿ ಪರೀಕ್ಷೆ ನಡೆದರೆ ಮಾತ್ರ ಫಲಿತಾಂಶ ನಂಬಲರ್ಹ.

ಎಲ್ಲಿ ತೋರಿಸಬೇಕು?

ನಿಮ್ಹಾನ್ಸ್, ರಾಜ್ಯ ಸರ್ಕಾರ ಮತ್ತು ನೀತಿ ಆಯೋಗದ ಸಹಯೋಗದ ಕರ್ನಾಟಕ ಮಿದುಳು ಆರೋಗ್ಯ ಉಪಕ್ರಮ 2022ರಲ್ಲಿ ಪ್ರಾಯೋಗಿಕವಾಗಿ ಆರಂಭವಾದುದು ಚಿಕ್ಕಬಳ್ಳಾಪುರ, ಕೋಲಾರ ಜಿಲ್ಲೆಗಳಲ್ಲಿ ಮತ್ತು ಬೆಂಗಳೂರು ದಕ್ಷಿಣದಲ್ಲಿ. ತಲೆನೋವು, ಪಾರ್ಶ್ವವಾಯು, ಅಪಸ್ಮಾರ, ಡಿಮೆನ್ಷಿಯಾ ಗುರುತಿಸಿ ಚಿಕಿತ್ಸೆಗೆ ಕಳುಹಿಸಲು ಪ್ರಾಥಮಿಕ ಹಂತದ ವೈದ್ಯರಿಗೆ ತರಬೇತಿ ನೀಡುವುದು ಇದರ ಉದ್ದೇಶಗಳಲ್ಲೊಂದು. ಶಿಡ್ಲಘಟ್ಟ ಅಥವಾ ಚಿಂತಾಮಣಿಯ ರೋಗಿ ಮೊದಲ ಹೆಜ್ಜೆಯಲ್ಲೇ ಬೆಂಗಳೂರಿಗೆ ಹೋಗಬೇಕಿಲ್ಲ. ತಾಲ್ಲೂಕು ಆಸ್ಪತ್ರೆ ಅಥವಾ ಜಿಲ್ಲಾ ಆಸ್ಪತ್ರೆಯಲ್ಲಿ ಆರಂಭಿಸಿ, ಅಗತ್ಯವಿದ್ದರೆ ಮುಂದಿನ ಹಂತಕ್ಕೆ ಹೋಗಬಹುದು.

ಮನೆಯವರು ಗಮನಿಸಬೇಕಾದ ಅಂಶಗಳು

* ಮರೆವು ದಿನಗಳಲ್ಲಿ ಅಥವಾ ವಾರದೊಳಗೆ ಹಠಾತ್ತನೆ ಹೆಚ್ಚಿದರೆ ಅದು ಪಾರ್ಕಿನ್ಸನ್‌ನ ಸಹಜ ಗತಿಯಲ್ಲ. ಮೂತ್ರದ ಸೋಂಕು, ನ್ಯುಮೋನಿಯಾ, ರಕ್ತದಲ್ಲಿ ಸೋಡಿಯಂ ಇಳಿಕೆ, ಬಿದ್ದು ತಲೆಗೆ ಪೆಟ್ಟಾಗಿರುವುದು ಕಾರಣವಿರಬಹುದು. ತಡಮಾಡದೆ ವೈದ್ಯರಿಗೆ ತೋರಿಸಬೇಕು.

* ಉಪಯುಕ್ತ ರಕ್ತಪರೀಕ್ಷೆಗಳು ಬೇರೆಯೇ ಇವೆ. ಹಿಮೋಗ್ಲೋಬಿನ್, ವಿಟಮಿನ್ ಬಿ12, ಥೈರಾಯ್ಡ್, ಸಕ್ಕರೆ, ಸೋಡಿಯಂ ಪರೀಕ್ಷಿಸಿದರೆ ಸರಿಪಡಿಸಬಹುದಾದ ಕಾರಣಗಳು ಪತ್ತೆಯಾಗುತ್ತವೆ. ಸಸ್ಯಾಹಾರಿಗಳಲ್ಲಿ ಹಾಗೂ ಬಹುಕಾಲ ಲೆವೊಡೋಪ ಅಥವಾ ಮೆಟ್‌ಫಾರ್ಮಿನ್ ಸೇವಿಸುವವರಲ್ಲಿ ಬಿ12 ಕುಗ್ಗುವುದುಂಟು.

* ನಡುಕಕ್ಕೆ ನೀಡುವ ಟ್ರೈಹೆಕ್ಸಿಫೆನಿಡಿಲ್ ಮಾತ್ರೆ ವೃದ್ಧರಲ್ಲಿ ಮರೆವು ಮತ್ತು ಗೊಂದಲವನ್ನು ಹೆಚ್ಚಿಸಬಲ್ಲದು. ನೆಗಡಿ, ನಿದ್ರೆಯ ಕೆಲವು ಮಾತ್ರೆಗಳಿಗೂ ಈ ಗುಣವಿದೆ. ಸೇವಿಸುತ್ತಿರುವ ಎಲ್ಲ ಮಾತ್ರೆಗಳ ಚೀಟಿಯನ್ನು ವೈದ್ಯರಿಗೆ ತೋರಿಸುವುದು ಒಳಿತು. ಯಾವ ಮಾತ್ರೆಯನ್ನೂ ತಾವಾಗಿಯೇ ಏಕಾಏಕಿ ನಿಲ್ಲಿಸಬಾರದು.

* ಇಲ್ಲದ ಮನುಷ್ಯರು, ಮಕ್ಕಳು, ಪ್ರಾಣಿಗಳು ಕಾಣಿಸುತ್ತಿವೆ ಎಂದು ರೋಗಿ ಹೇಳಿದರೆ ಅದನ್ನು ಗಾಳಿ, ಗ್ರಹಚಾರ ಎಂದು ಭಾವಿಸದೆ ವೈದ್ಯರಿಗೆ ತಿಳಿಸಬೇಕು. ಇದಕ್ಕೆ ಕಾಯಿಲೆಯೂ ಕಾರಣವಿರಬಹುದು, ಔಷಧವೂ ಕಾರಣವಿರಬಹುದು.

* ಪಾರ್ಕಿನ್ಸನ್ ಡಿಮೆನ್ಷಿಯಾಕ್ಕೆ ರಿವಾಸ್ಟಿಗ್ಮಿನ್ ಎಂಬ ಔಷಧದಿಂದ ಅಲ್ಪ ಪ್ರಯೋಜನವಿದೆ ಎಂದು 2004ರ ದೊಡ್ಡ ಪ್ರಯೋಗವೊಂದು ತೋರಿಸಿದೆ. ಇದು ಕಾಯಿಲೆಯನ್ನು ವಾಸಿ ಮಾಡುವುದಿಲ್ಲ. ಕೆಲವರಲ್ಲಿ ವಾಕರಿಕೆ ಮತ್ತು ನಡುಕ ಹೆಚ್ಚಬಹುದು.

* ನಿತ್ಯದ ನಡಿಗೆ, ವ್ಯಾಯಾಮ, ಶ್ರವಣದೋಷಕ್ಕೆ ಚಿಕಿತ್ಸೆ, ರಕ್ತದೊತ್ತಡದ ನಿಯಂತ್ರಣ, ನಾಲ್ಕು ಜನರೊಂದಿಗೆ ಮಾತುಕತೆ. ಇವುಗಳಿಗೆ ಪ್ರಯೋಗಾಲಯದ ವರದಿ ಬೇಕಿಲ್ಲ.

ರಕ್ತದ ರೋಗನಿರೋಧಕ ಸೂಚಕಗಳು ಸಂಶೋಧಕರಿಗೆ ದಾರಿ ತೋರುತ್ತಿವೆ. ಯಾವ ರೋಗಿಗಳ ಮೇಲೆ ಹೊಸ ಔಷಧವನ್ನು ಪರೀಕ್ಷಿಸಬೇಕು, ಔಷಧ ಕೆಲಸ ಮಾಡುತ್ತಿದೆಯೇ ಎಂಬುದನ್ನು ತಿಳಿಯಲು ಅವು ಮುಂದೊಂದು ದಿನ ನೆರವಾಗಬಹುದು. ಸದ್ಯಕ್ಕೆ ಮಾತ್ರ, ಉರಿಯೂತದ ಸೂಚಕಗಳ ದುಬಾರಿ ಪರೀಕ್ಷೆಗೆ ಹಣ ಹೊಂದಿಸುವ ಕುಟುಂಬಕ್ಕೆ ಅದರಿಂದ ಸಿಗುವುದು ಒಂದು ಅಂಕಿ ಅಷ್ಟೇ. ಅದೇ ಕುಟುಂಬ ಹಿರಿಯರನ್ನು ವರ್ಷಕ್ಕೊಮ್ಮೆ ಅವರ ಮನೆಮಾತಿನಲ್ಲಿ ನೆನಪಿನ ಪರೀಕ್ಷೆಗೆ ಒಳಪಡಿಸಿ, ಮಾತ್ರೆಗಳ ಚೀಟಿಯನ್ನು ವೈದ್ಯರ ಮುಂದಿಟ್ಟರೆ, ತಪ್ಪಿಸಬಹುದಾದ ಮರೆವಿನ ಒಂದು ಪಾಲನ್ನಾದರೂ ತಪ್ಪಿಸಲು ಸಾಧ್ಯವಿದೆ.